ಹಾಲೆಂಡಿನ ತೋಟಗಳಿಗೆ ತಾಲೀಮು

ಏಳು ದಿನಕ್ಕೆ ಹನ್ನೊಂದು ತೋಟಗಳನ್ನು ಹೊಂದಿಸಿ ನಾನು ಬರೆದುಕೊಟ್ಟ ಹಾಳೆಯನ್ನು ಸತ್ಯಪ್ರಕಾಶ್ ಎರಡು ಸಲ ಓದಿದರು. ಟೊರಾಂಟೊದ ರೆಕ್ಸ್‌ಡೇಲಿನ ಒಂದು ಪ್ಲಾಜಾದಲ್ಲಿ, ಸೀರೆ ಅಂಗಡಿಗೂ ಲಾಂಡ್ರಿಗೂ ನಡುವೆ, ಅವರದೊಂದು ಟ್ರಾವೆಲ್ ಏಜೆನ್ಸಿ. ಜನವರಿಯಿಂದ ನಾನಲ್ಲಿ ಟಿಕೆಟ್‌ಗಳನ್ನು ಲಕೋಟೆಗೆ ತುಂಬುವ ಕೆಲಸದಲ್ಲಿದ್ದೆ.

"ಶೈಲಜಾ, ಇದು ಟೂರಾ, ರಿಲೇ ರೇಸಾ?"

"ಹಾಲೆಂಡ್ ಚಿಕ್ಕ ದೇಶ ಸರ್. ಒಂದು ತೋಟದಿಂದ ಇನ್ನೊಂದಕ್ಕೆ ಬಸ್ಸಲ್ಲಿ ಗಂಟೆ, ಒಂದೂವರೆ ಗಂಟೆ ಅಷ್ಟೇ."

"ದೇಶ ಚಿಕ್ಕದಿರಬಹುದು. ನಮ್ಮ ಪ್ಯಾಸೆಂಜರ್ಸ್ ಮಂಡಿ ಹಳೇದು."

ಹಾಗೆಂದರೂ ಹಾಳೆಯನ್ನು ವಾಪಸು ಕೊಡಲಿಲ್ಲ. ಬ್ರ್ಯಾಂಪ್ಟನ್, ನಾರ್ತ್ ಯಾರ್ಕ್ ಕಡೆಯ ಕನ್ನಡದ ಮನೆಗಳಲ್ಲಿ ಮಕ್ಕಳು ಸ್ಪಾನ್ಸರ್ ಮಾಡಿ ಕರೆಸಿಕೊಂಡ ಅಪ್ಪ ಅಮ್ಮಂದಿರನ್ನು ಒಂದು ಬಸ್ಸಿಗಾಗುವಷ್ಟು ಸೇರಿಸಿ, ಮೇ ಮೊದಲ ವಾರದಲ್ಲಿ ಹಾಲೆಂಡಿನ ಉದ್ಯಾನಗಳನ್ನು ತೋರಿಸಿಕೊಂಡು ಬರುವುದು ಅವರ ಯೋಜನೆ. ಕನ್ನಡವೂ ಗಿಡಮರವೂ ಗೊತ್ತಿರುವ ಗೈಡ್ ಬೇಕಾಗಿತ್ತು. ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ನಾನೇ ಬಾಯಿಬಿಟ್ಟು ಕೇಳಿದ್ದೆ.

ನನ್ನ ಗಂಡ ಶ್ರೀನಾಥ ನವೆಂಬರಿನಲ್ಲಿ ತೀರಿಕೊಂಡ. ಆಫೀಸಿನಲ್ಲಿ, ಮಧ್ಯಾಹ್ನದ ಮೀಟಿಂಗಿನಲ್ಲಿ, ಮೆದುಳಿನ ರಕ್ತನಾಳ ಒಡೆದು. ಅವನಿಗೆ ಮೂವತ್ತಮೂರು. ಆಮೇಲೆ ನನಗೆ ಅಳು ಬರಲಿಲ್ಲ, ಕೂರಲು ಆಗಲಿಲ್ಲ. ಯಾಂಗ್ ಸ್ಟ್ರೀಟಿನಲ್ಲಿ ಫಿಂಚ್‌ನಿಂದ ಶೆಪ್ಪರ್ಡ್‌ವರೆಗೆ ನಡೆದು, ಅಲ್ಲಿಂದ ವಾಪಸು ನಡೆಯುತ್ತಿದ್ದೆ. ಚಳಿ ತಡೆಯಲಾಗದಾಗ ಲೈಬ್ರರಿಗೆ ಹೋಗಿ ಕಪಾಟಿನ ಮುಂದೆ ನಿಂತೇ ಓದುತ್ತಿದ್ದೆ. ಹಾಲೆಂಡಿನ ತೋಟಗಳ ಪುಸ್ತಕ ಕೈಗೆ ಸಿಕ್ಕಿದ್ದು ಹಾಗೆ. ಟೊರಾಂಟೊದ ಯಾವ ಬಸ್ ಸ್ಟಾಪಿನಲ್ಲಿ ನಿಂತರೂ ಶ್ರೀನಾಥ ಅಲ್ಲೊಮ್ಮೆ ನಿಂತಿದ್ದ. ಮೈಸೂರಿನಲ್ಲೂ ಅಷ್ಟೇ. ಹಾಲೆಂಡಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಅಲ್ಲಿಗೆ ಹೋಗೋಣವೆಂದು ನಾವು ಒಮ್ಮೆಯೂ ಮಾತಾಡಿಕೊಂಡಿರಲಿಲ್ಲ. ಅದಕ್ಕೇ ನನಗದು ಬೇಕಾಗಿತ್ತು. ದಿನಕ್ಕೊಂದು ಊರು, ಊರಿಗೊಂದು ಹೋಟೆಲ್ಲು, ಬೆಳಿಗ್ಗೆ ಎದ್ದರೆ ಬಸ್ಸು.

ಸತ್ಯಪ್ರಕಾಶ್ ಒಂದು ಷರತ್ತು ಹಾಕಿದರು. ಹೋದ ವರ್ಷ ಇನ್ಯಾವುದೋ ಟೂರಿನಲ್ಲಿ ಒಬ್ಬ ಯಜಮಾನರಿಗೆ ಮೊದಲ ದಿನವೇ ಮಂಡಿ ಹಿಡಿದು, ಇಡೀ ಗುಂಪು ಹೋಟೆಲಿನಲ್ಲಿ ಕೂರಬೇಕಾಗಿ ಬಂದಿತ್ತಂತೆ. ಹಾಗಾಗಿ ಈ ಸಲ ಹೊರಡುವ ಮುಂಚೆ ಇಲ್ಲಿಯೇ ಒಂದು ತಾಲೀಮು. ನಾರ್ತ್ ಯಾರ್ಕಿನ ಎಡ್ವರ್ಡ್ಸ್ ಗಾರ್ಡನ್ಸ್ ಅನ್ನೇ ಹಾಲೆಂಡ್ ಅಂದುಕೊಂಡು ನಾನು ಎಲ್ಲರನ್ನೂ ಸುತ್ತಿಸಬೇಕು.

"ಅವರೆಲ್ಲ ನಿಮ್ಮ ಜೊತೆ ಬರ್ತೀವಿ ಅಂದ್ರೆ ನೀವೇ ಗೈಡ್. ಇಲ್ಲಾಂದ್ರೆ ನಮ್ಮ ಮಿಸೆಸ್ ಕಸಿನ್ ಒಬ್ಬ ಇದಾನೆ. ಟ್ಯೂಲಿಪ್ಪಿಗೂ ಈರುಳ್ಳಿಗೂ ವ್ಯತ್ಯಾಸ ಗೊತ್ತಿಲ್ಲ ಅವನಿಗೆ. ಆದ್ರೆ ಜನಾನ ನಗಿಸ್ತಾನೆ."

ಏಪ್ರಿಲ್ ನಡುವಿನ ಒಂದು ಶನಿವಾರ ಹಳದಿ ಸ್ಕೂಲ್ ಬಸ್ಸಿನಲ್ಲಿ ಹೊರಟೆವು. ನಾನು ಮುಂದೆ ಮೈಕ್ ಹಿಡಿದು ನಿಂತಿದ್ದೆ. ಅದಿನ್ನೂ ಆನ್ ಆಗಿರಲಿಲ್ಲ. ಎರಡನೇ ಸೀಟಿನಲ್ಲಿದ್ದವರು ಪದ್ಮಾ, ಬೆಂಗಳೂರಿನವರು, ನಾರ್ತ್ ಯಾರ್ಕಿನಲ್ಲಿ ಸಾಫ್ಟ್‌ವೇರ್ ಮಗನ ಮನೆಯಲ್ಲಿ ಇರುವವರು. ಪಕ್ಕದಲ್ಲಿದ್ದ ಗಿರಿಜವ್ವನಿಗೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು.

"ಪಾಪ, ಚಿಕ್ಕ ವಯಸ್ಸು. ಇನ್ನೂ ವರ್ಷಾನೂ ತುಂಬಿಲ್ಲ. ನಾವು ಖುಷಿಯಾಗಿ ಹೊರಟಿರೋವಾಗ ಅವಳನ್ನೇ ಮುಂದಿಟ್ಕೊಂಡು ಹೋಗೋದು ಅಂದ್ರೆ..."

ಗಿರಿಜವ್ವ ಧಾರವಾಡದ ಕಡೆಯವರು. ಗಂಡ ಗದಿಗೆಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ರಿಟೈರ್ ಆದವರು. ಈಗ ಇಬ್ಬರೂ ಬ್ರ್ಯಾಂಪ್ಟನ್ನಿನಲ್ಲಿ ಮಗನ ಮನೆಯ ಬೇಸ್‌ಮೆಂಟಿನಲ್ಲಿದ್ದರು.

"ಹೂ ನೋಡಾಕ ಹೊಂಟೀವ್ರಿ ಪದ್ಮಕ್ಕಾರ, ಮದುವಿಗಲ್ಲ," ಎಂದರು ಗಿರಿಜವ್ವ. "ಆಕಿಗೆ ಬಾಯಿ ಐತಿ, ಕೈಯಾಗ ಮೈಕ್ ಐತಿ. ಮತ್ತೇನ್ ಬೇಕು?"

ನನಗೆ ಬೇಸರವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಪದ್ಮಾ ಬೇಡವೆಂದರೆ ಎಷ್ಟು ಜನ ಅವರ ಮಾತು ಕೇಳುತ್ತಾರೆ ಎಂದಷ್ಟೇ ಯೋಚಿಸಿದೆ.

ತೋಟದಲ್ಲಿ ಹೂವೇ ಇರಲಿಲ್ಲ. ಮರಗಳು ಬೋಳು, ಹಾದಿಯ ಅಂಚಿನಲ್ಲಿ ಕರಗಿದ ಹಿಮದ ಕೆಸರು, ಹುಲ್ಲಿನ ಮೇಲೆ ಬಾತುಗಳು. ಪಾತಿಗಳಲ್ಲಿ ಟ್ಯೂಲಿಪ್ಪಿನ ಎಲೆಗಳು ಉಗುರಿನಷ್ಟು ತಲೆಯೆತ್ತಿದ್ದವು.

"ಈಗ ನಾವು ಲಿಸ್ಸೆ ಅನ್ನೋ ಊರಿನ ಕ್ಯೂಕನ್‌ಹೋಫ್ ತೋಟದಲ್ಲಿದ್ದೀವಿ ಅಂದ್ಕೊಳ್ಳಿ," ಎಂದೆ. "ಆ ಹೆಸರಿನ ಅರ್ಥ ಅಡುಗೆ ತೋಟ. ಹಿಂದೆ ಪಕ್ಕದ ಕೋಟೆಮನೆಗೆ ತರಕಾರಿ ಇಲ್ಲಿಂದ ಹೋಗ್ತಿತ್ತು. ಈಗ ಪ್ರತಿ ವರ್ಷ ಚಳಿಗೆ ಮುಂಚೆ ಲಕ್ಷಾಂತರ ಗಡ್ಡೆ ನೆಡ್ತಾರೆ."

"ಬದನಿಕಾಯಿ ಅದಾವೇನ್?" ಎಂದರು ಗದಿಗೆಪ್ಪ.

"ಇಲ್ಲ. ಹೂವು ಮಾತ್ರ."

"ಮತ್ತ್ಯಾತರ ಅಡಗಿ ತೋಟ ಅದು."

ಕಲ್ಲುಬಂಡೆಗಳ ನಡುವೆ ಗಿಡ ಬೆಳೆಸಿರುವ ಜಾಗಕ್ಕೆ ಕರೆದೊಯ್ದು ಅದನ್ನು ಲೈಡನ್ ಎಂದೆ. ವಿಶ್ವವಿದ್ಯಾಲಯದವರು ನಾನೂರು ವರ್ಷದ ಹಿಂದೆ ಮಾಡಿದ ತೋಟ, ದೇಶದಲ್ಲೇ ಹಳೆಯದು. ತುರ್ಕಿಯಿಂದ ಬಂದ ಟ್ಯೂಲಿಪ್ಪನ್ನು ಅಲ್ಲಿ ನೆಟ್ಟು ಬೆಳೆಸಿದರು ಎಂದು ವಿವರಿಸಿದೆ.

"ಅಂದ್ರ ಟ್ಯೂಲಿಪ್ಪೂ ನಮ್ಮಂಗ ಹೊರಗಿಂದ ಬಂದದ್ದ," ಎಂದರು ಗದಿಗೆಪ್ಪ. "ಯಾರ್ ಸ್ಪಾನ್ಸರ್ ಮಾಡಿದ್ರಂತ?"

ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಸತ್ಯಪ್ರಕಾಶ್ ಕೂಡ. ಆದರೆ ಅಷ್ಟರಲ್ಲಿ ನಾನು ಹೆಜ್ಜೆ ಹಾಕಿಯಾಗಿತ್ತು. ಹಳ್ಳದ ಮೇಲಿನ ಕಮಾನಿನ ಸೇತುವೆಗೆ ಬಂದು ಇದು ಹೆಟ್ ಲೋ ಅರಮನೆಯ ತೋಟ ಎಂದೆ. ಅಲ್ಲಿ ಬೇಲಿಗಿಡಗಳನ್ನು ಗಿಡ್ಡಕ್ಕೆ ಕತ್ತರಿಸಿ ನೆಲದ ಮೇಲೆ ರಂಗೋಲಿ ಹಾಕಿದಂತೆ ಬೆಳೆಸಿದ್ದಾರೆ, ಮೇಲೆ ನಿಂತು ನೋಡಬೇಕು ಎಂದೆ.

ಪದ್ಮಾ ಮೊದಲ ಸಲ ನನ್ನ ಮುಖ ನೋಡಿದರು. "ರಂಗೋಲಿ ಅಂದ್ರೆ? ಚುಕ್ಕೀದಾ, ಎಳೇದಾ?"

"ಎಳೇದು. ಸುಳಿ ಸುಳಿಯಾಗಿ ಹೋಗತ್ತೆ."

"ಹಾಗಿದ್ರೆ ಕಾಪಿ ಮಾಡ್ಕೋಬೇಕು ನಾನು. ಎಷ್ಟು ಹೊತ್ತಿದೆ ಅಲ್ಲಿ?"

"ಇಪ್ಪತ್ತು ನಿಮಿಷ."

"ಎಳೆ ರಂಗೋಲಿಗೆ ಇಪ್ಪತ್ತು ನಿಮಿಷಾನಾ? ನೀನು ಹಾಕಿದೀಯಾ ಯಾವತ್ತಾದ್ರೂ?"

ನಾನಾಗಲೇ ಮುಂದೆ ನಡೆದಿದ್ದೆ. ಮುಂದಿನದು ರಾಟರ್‌ಡ್ಯಾಮಿನ ಟ್ರೊಂಪನ್‌ಬರ್ಗ್; ಮರಗಳ ತೋಟ, ನನಗೆ ಪುಸ್ತಕದಲ್ಲಿ ಬಹಳ ಹಿಡಿಸಿದ್ದು. ಓಕ್ ಜಾತಿಗಳ ಬಗ್ಗೆ ಹೇಳುತ್ತಾ, ಎಲೆಯಿಲ್ಲದಿದ್ದರೂ ತೊಗಟೆಯಿಂದ ಮರ ಗುರುತಿಸುವುದು ಹೇಗೆಂದು ತೋರಿಸಲು ಒಂದು ಕಾಂಡದ ಮೇಲೆ ಕೈಯಿಟ್ಟು ತಿರುಗಿದೆ. ಹಿಂದೆ ಯಾರೂ ಇರಲಿಲ್ಲ.

ಹಳ್ಳದ ಪಕ್ಕದ ಇಳಿಜಾರಿನಲ್ಲಿ ಸಿಕ್ಕರು. ಗಿರಿಜವ್ವ ಹೂವಿನ ಚಿತ್ರವಿದ್ದ ದೊಡ್ಡ ಬೆಡ್‌ಶೀಟು ಹಾಸಿ, ಸ್ಟೀಲ್ ಡಬ್ಬಿ ಬಿಚ್ಚಿ ಕೂತಿದ್ದರು. ರೊಟ್ಟಿ, ಶೇಂಗಾ ಚಟ್ನಿ, ಯಾರದೋ ಚಿತ್ರಾನ್ನ. ಗದಿಗೆಪ್ಪ ಶೂ ಕಳಚಿ ಕಾಲು ಚಾಚಿದ್ದರು. ಬೆಡ್‌ಶೀಟಿನಲ್ಲಿ ಜಾಗ ಸಾಲದವರು ಬೆಂಚುಗಳಲ್ಲಿದ್ದರು.

"ಊಟಕ್ಕಿನ್ನೂ ಹೊತ್ತಿದೆ," ಎಂದೆ. "ನಾಲ್ಕನೇ ತೋಟ ಬಾಕಿ ಇದೆ."

"ನೀ ಹಿಂದ ನೋಡದ ಹೊಂಟಿದ್ಯವ್ವ," ಎಂದರು ಗಿರಿಜವ್ವ. "ಕೂಗಿದ್ವಿ. ತೋಟ ನೋಡೂದಂತ ತಿಳದಿದ್ದೆ ನಾ. ಇದು ಯಾರೋ ಬೆನ್ನು ಹತ್ತಿದಂಗ ಆತು."

ಸತ್ಯಪ್ರಕಾಶ್ ನನ್ನನ್ನು ಸ್ವಲ್ಪ ಆಚೆಗೆ ಕರೆದರು. "ಹನ್ನೊಂದರಲ್ಲಿ ಮೂರಕ್ಕೇ ಜನ ಕೂತುಬಿಟ್ರು. ಅಲ್ಲಿ ಹೀಗಾದ್ರೆ ನಾನೇನು ಮಾಡ್ಲಿ?"

"ಚಳಿ ಸರ್ ಇವತ್ತು. ಅಲ್ಲಿ ಬಿಸಿಲಿರತ್ತೆ, ನಡೀತಾರೆ."

"ನಡಿಯೂದಿಲ್ರೀ," ಎಂದರು ಗಿರಿಜವ್ವ. ನಾವು ಅಂದುಕೊಂಡಷ್ಟು ದೂರ ಬಂದಿರಲಿಲ್ಲ. "ನಾ ಖರೇ ಹೇಳ್ತೀನಿ ಕೇಳ್ರಿ. ಈ ದೇಶಕ್ಕ ಬಂದು ನಾಕ್ ವರ್ಷ ಆತು. ಮುಂಜಾನಿ ಸೊಸಿ ಶಿಫ್ಟಿಗೆ ಹೋಗ್ತಾಳ, ಮಗ ಟ್ರಕ್ ತಗೊಂಡ್ ಹೋಗ್ತಾನ. ಸಣ್ಣಾಕಿಗೆ ಉಣಸೂದು, ದೊಡ್ಡಾವನ್ನ ಸ್ಕೂಲ್ ಬಸ್ಸಿಗೆ ಬಿಡೂದು, ಲಾಂಡ್ರಿ, ಸ್ನೋ. ಒಂದೀಟು ಕುಂತ್ರ ಫೋನ್ ಹೊಡಕೊಂತೈತಿ. ಒಂದು ವಾರ ಯಾರೂ ಏಳು ಅನಬಾರ್ದು, ಅದಕ್ಕ ಹೊಂಟೀನಿ. ಹೂ ಇದ್ರೂ ಛಲೋ, ಇರದಿದ್ರೂ ಛಲೋ."

"ನಮ್ಮನೇಲಿ ಟ್ರಕ್ ಇಲ್ಲ, ಅಷ್ಟೇ ವ್ಯತ್ಯಾಸ," ಎಂದರು ಪದ್ಮಾ.

"ನಾಕ್ ತೋಟ ಸಾಕು," ಗದಿಗೆಪ್ಪ ತೀರ್ಪು ಕೊಟ್ಟರು. "ತೋಟಕ್ಕೊಂದು ಇಡೀ ದಿನ. ಉಳಿದ ದಿನ ಹೋಟೆಲ್ಲಿನ್ಯಾಗ ಮಲಗೂದು."

ಬೆಂಚುಗಳಿಂದಲೂ ಹೂಂ ಎನ್ನುವ ದನಿಗಳು ಬಂದವು. ಸತ್ಯಪ್ರಕಾಶ್ ಮುಖ ಸಡಿಲವಾಯಿತು. "ಆಯ್ತಲ್ಲ. ಬುತ್ತಿ ಕಟ್ಕೊಂಡು ಹೋಗೋದು, ಸಂಜೆತನಕ ಕೂರೋದು. ಶೈಲಜಾ ಗೈಡು. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?"

ಪದ್ಮಾ ಚಿತ್ರಾನ್ನ ಕಲಸುತ್ತಿದ್ದರು. "ರಂಗೋಲಿ ತೋಟ ಬಿಡಬಾರದು, ಅಷ್ಟೇ."

ನಾನು ಹೂಂ ಅಂದರೆ ಮುಗಿಯುತ್ತಿತ್ತು. ಒಂದು ಇಡೀ ದಿನ ಒಂದೇ ತೋಟದಲ್ಲಿ ಎಂದರೆ ಹೇಗಿರುತ್ತದೆ ಎಂದು ಊಹಿಸಿ ನೋಡಿದೆ. ಒಂದು ಗಂಟೆಯಲ್ಲಿ ಮರಗಳ ಹೆಸರು ಮುಗಿಯುತ್ತವೆ. ಆಮೇಲೆ ಹುಲ್ಲು, ಬಿಸಿಲು, ಸುತ್ತಲೂ ಉಂಡು ಮಾತು ನಿಲ್ಲಿಸಿದ ಜನ. ಅಲ್ಲಿಗೆ ಶ್ರೀನಾಥ ಬರುವುದಕ್ಕೆ ಏನೂ ಅಡ್ಡಿಯಿರಲಿಲ್ಲ.

"ನನ್ನ ಕೈಲಾಗಲ್ಲ ಸರ್."

"ಏನಾಗಲ್ಲ?"

"ಕೂರಕ್ಕೆ. ನವೆಂಬರಿಂದ ನನಗೆ ಒಂದು ಕಡೆ ಕೂರಕ್ಕಾಗ್ತಿಲ್ಲ. ನೀವು ಆ ಕಸಿನ್‌ನೇ ಕಳಿಸಿ."

ಸತ್ಯಪ್ರಕಾಶ್ ಹಳ್ಳದ ಕಡೆ ನೋಡಿದರು. ಒಂದು ಬಾತು ಬೆಡ್‌ಶೀಟಿನ ಅಂಚಿಗೆ ಬಂತು. ಗದಿಗೆಪ್ಪ ಹುಶ್ ಎಂದು ಕಾಲಾಡಿಸಿ ಅದನ್ನು ಓಡಿಸಿದರು.

"ಕೂತ್ರೆ ಏನಾಗತ್ತಮ್ಮ?" ಎಂದು ಪದ್ಮಾ ಕೇಳಿದರು. ಕುಹಕವಿರಲಿಲ್ಲ ಅದರಲ್ಲಿ.

"ಗೊತ್ತಿಲ್ಲ. ಅದು ಗೊತ್ತಾಗೋ ಮುಂಚೆ ಎದ್ದುಬಿಡ್ತೀನಿ."

ಗಿರಿಜವ್ವ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಕೂತಲ್ಲಿಂದಲೇ ಕೈ ಮೇಲೆತ್ತಿ ಚಾಚಿದರು. "ಹಿಡಿ. ನಿಂತ್ಕೊಂಡ ತಿನ್ನು."

ತೆಗೆದುಕೊಂಡೆ.

"ನೀ ಕುಂದ್ರಬೇಕಂತ ಯಾರ್ ಅಂದ್ರು? ಕುಂದ್ರಾವ್ರು ನಾವು. ಗಿಡದ ಹೆಸರು ಹೇಳು, ಆಮ್ಯಾಲ ನೀ ಅಡ್ಡಾಡು. ಎಷ್ಟ್ ಬೇಕಷ್ಟ್ ಅಡ್ಡಾಡು. ಆವಾಗಾವಾಗ ಈ ಕಡೆ ಬಂದು ಮುಖ ತೋರ್ಸು. ನಾವೇನ್ ಓಡಿಹೋಗೂದಿಲ್ಲ."

"ಓಡಾಕ ಬರೂದ ಇಲ್ಲ," ಎಂದರು ಗದಿಗೆಪ್ಪ.

"ಗೈಡ್ ಸುತ್ತೋದು, ಟೂರಿಸ್ಟ್ ಕೂರೋದು," ಎಂದರು ಸತ್ಯಪ್ರಕಾಶ್. "ಇಷ್ಟು ವರ್ಷದ ಬಿಸಿನೆಸ್ಸಲ್ಲಿ ಇದೊಂದು ನೋಡಿರ್ಲಿಲ್ಲ." ಬೇಡವೆನ್ನಲಿಲ್ಲ. "ನಾಲ್ಕು ಯಾವ್ಯಾವುದು, ಅದನ್ನ ಹೇಳಿ. ಬಸ್ಸಿನವರಿಗೆ ಸೋಮವಾರ ತಿಳಿಸಬೇಕು."

ರೊಟ್ಟಿ ಬಾಯಲ್ಲಿತ್ತು. ನುಂಗಿ ಹೇಳಿದೆ. ಕ್ಯೂಕನ್‌ಹೋಫ್, ಏಕೆಂದರೆ ಮಕ್ಕಳು ಫೋಟೊ ಕೇಳುತ್ತಾರೆ. ಲೈಡನ್. ಪದ್ಮಾ ಅವರಿಗಾಗಿ ಹೆಟ್ ಲೋ. ನಾಲ್ಕನೆಯದಕ್ಕೆ ಟ್ರೊಂಪನ್‌ಬರ್ಗ್ ಎನ್ನಲು ಹೊರಟವಳು ಆರ್ನೆಮ್ ಊರಿನ ಸೋನ್ಸ್‌ಬೇಕ್ ಎಂದೆ. ಅದಕ್ಕೆ ಟಿಕೆಟ್ಟಿಲ್ಲ, ಊರವರು ನಾಯಿ ಕರೆದುಕೊಂಡು ಬರುವ ಪಾರ್ಕು. ಏರು ಇಳಿತ, ಕೊಳ, ಸಣ್ಣದೊಂದು ಜಲಪಾತ. ಇಳಿಜಾರಿನ ಹುಲ್ಲಿನ ಮೇಲೆ ಎಲ್ಲಿ ಬೇಕಾದರೂ ಕೂರಬಹುದು. ಮರಗಳ ನಡುವೆ ಹಾದಿಗಳು ಉದ್ದಕ್ಕೆ ಹೋಗುತ್ತವೆ.

"ನಡಿ ಹಂಗಾರ," ಎಂದರು ಗಿರಿಜವ್ವ. "ಈಗ ಒಂದು ಸುತ್ತು ಹೋಗಿ ಬಾ. ನಮಗೂ ರೂಢಿ ಆಗ್ಲಿ."

ಹಳ್ಳದ ಗುಂಟ ಮೇಲಕ್ಕೆ ನಡೆದೆ. ನೀರು ಕಂದು ಬಣ್ಣಕ್ಕೆ ತಿರುಗಿತ್ತು, ಜೋರಾಗಿ ಹರಿಯುತ್ತಿತ್ತು. ಅವರ ಮಾತು ಸ್ವಲ್ಪ ದೂರ ಕೇಳಿಸಿತು, ಆಮೇಲೆ ಗದಿಗೆಪ್ಪನವರ ಕೆಮ್ಮು ಮಾತ್ರ, ಆಮೇಲೆ ಅದೂ ಇಲ್ಲ. ಎಂದಿನಂತೆ ಹೆಜ್ಜೆ ಬಿರುಸಾಯಿತು. ತಿರುವಿನಲ್ಲಿ ನಿಂತು ಹಿಂದೆ ನೋಡಿದೆ. ಬೋಳು ಮರಗಳ ನಡುವೆ ಬೆಡ್‌ಶೀಟಿನ ಬಣ್ಣ ಕಾಣುತ್ತಿತ್ತು. ಪದ್ಮಾ ಕಡ್ಡಿಯಿಂದ ನೆಲದ ಮೇಲೆ ಗಿರಿಜವ್ವನಿಗೆ ಏನೋ ಗೆರೆ ಎಳೆದು ತೋರಿಸುತ್ತಿದ್ದರು. ಗದಿಗೆಪ್ಪ ಟೋಪಿಯನ್ನು ಮುಖದ ಮೇಲಿಟ್ಟು ಮಲಗಿದ್ದರು.

ಇನ್ನೂ ಸ್ವಲ್ಪ ಮುಂದೆ ಹೋದೆ. ಮತ್ತೆ ತಿರುಗಿದೆ. ಅಲ್ಲೇ ಇದ್ದರು.