ಎಡಗಿವಿ

ಗೊರಸಿನಿಂದ ಕತ್ತರಿಸಿ ಬಿದ್ದ ಚೂರೊಂದನ್ನು ಕಚ್ಚಿಕೊಂಡು ನಾಯಿ ಬೇಲಿಯಾಚೆ ಓಡಿತು, ಅದರಲ್ಲೇನು ರುಚಿಯೋ ಅದಕ್ಕೆ, ಲಾಳ ಕಟ್ಟುವ ಕಡೆಯೆಲ್ಲ ನಾಯಿಗಳು ಹೀಗೇ ಕಾದು ಕೂತಿರುತ್ತವೆ, ಗಂಗಾಂಬಿಕೆ ನಾಯಿಯನ್ನೇ ನೋಡುತ್ತಾಳೆ, ನೋಡುತ್ತಲೇ ಇರಬೇಕು, ರಸ್ತೆಯ ಕಡೆ ನೋಡಬಾರದು, ತುಮಕೂರಿನಿಂದ ಬರಬೇಕಾದ ಕಾರು ಅವಳು ನೋಡಿದರೂ ಬರುತ್ತದೆ ನೋಡದಿದ್ದರೂ ಬರುತ್ತದೆ. ಕುಣಿಗಲ್ಲಿನಿಂದ ಮೊಪೆಡ್ಡಿನಲ್ಲಿ ಬಂದ ಮುನಾವರ್ ಪಾಷಾ ಕುದುರೆಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಅರದಿಂದ ಉಜ್ಜುತ್ತಿದ್ದಾರೆ, ಕರ್ರ್ ಕರ್ರ್, ಮಾರುವ ಕುದುರೆಗೆ ಹೊಸ ಲಾಳ ಕಟ್ಟಿಸಿ ಕೊಡುವುದು, ಲಾಳ ಕಟ್ಟಿದವನು ಪಕ್ಕದಲ್ಲಿ ನಿಂತಿರುವಾಗಲೇ ಅದರ ಐಬು ಇಂಥದ್ದು ಅಂತ ಕೊಳ್ಳುವವನಿಗೆ ಬಾಯಿಬಿಟ್ಟು ಹೇಳುವುದು, ಹೇಳಿದ ಮೇಲೆಯೇ ಹಗ್ಗ ಕೈ ಬದಲಾಯಿಸುವುದು, ಇದು ಅವರಪ್ಪನ ಕಾಲದಿಂದ ಬಂದ ಪದ್ಧತಿ. ಕೊಬ್ಬರಿಗೆ ಇದೇನೂ ಗೊತ್ತಿಲ್ಲ, ಮೂರು ಕಾಲಿನ ಮೇಲೆ ನಿಂತು ತೂಕಡಿಸುತ್ತಿದೆ. ಕೊಬ್ಬರಿ ಅಂತ ಕುದುರೆಗೆ ಯಾರಾದ್ರೂ ಹೆಸರಿಡ್ತಾರೇನೇ ಅಂತ ಅಮ್ಮ ನಕ್ಕಿದ್ದಳು, ಬಂದ ಮೊದಲ ದಿನವೇ ಚಾಪೆಯ ಮೇಲೆ ಒಣಗಲು ಹಾಕಿದ್ದರಲ್ಲಿ ಅರ್ಧ ಮುಗಿಸಿದ ಪ್ರಾಣಿಗೆ ಬೇರೇನು ಹೆಸರಿಡುವುದು, ಐದು ವರ್ಷವಾಯಿತು, ಆಗ ಪಕ್ಕೆಲುಬು ಎಣಿಸಬಹುದಿತ್ತು, ಕುಂಟು ಮರಿ, ಯಾರಿಗೂ ಬೇಡವಾದದ್ದು — ಈಗ ಎಲ್ಲರಿಗೂ ಬೇಕು, ಅವಳೊಬ್ಬಳಿಗೆ ಬೇಡ. ಹಾಗಲ್ಲ. ಬೇಡ ಅಂತಲ್ಲ. ಸವಾರಿ ಕಲಿಸಿದ ಬಸವರಾಜ್ ಸರ್ ಮೀಸೆ ತಿರುವುತ್ತ ಹೇಳಿದ್ದರಲ್ಲ, ನಿನ್ನ ಕುದುರೆ ಚಿಕ್ಕದು, ನಿನ್ನ ಆಸೆ ದೊಡ್ಡದು ಕಣಮ್ಮ, ಎರಡನ್ನೂ ಒಂದೇ ಲಾಯದಲ್ಲಿ ಕಟ್ಟಕ್ಕಾಗಲ್ಲ, ಇದು ಒಂದು ಮೀಟರ್ ಎತ್ತರದ ಅಡ್ಡಗೋಲು ಹಾರ್ತದೆ, ಪ್ರಾಣ ಕೊಟ್ಟು ಹಾರ್ತದೆ, ನ್ಯಾಷನಲ್ಸಲ್ಲಿ ಅದರ ಮೇಲೆ ಇನ್ನೂ ಒಂದು ಗೇಣು ಬೇಕು. ಒಂದು ಗೇಣು. ಬೆಂಗಳೂರಿನ ಆ ಎತ್ತರದ ಕಪ್ಪು ಕುದುರೆಗೆ ಆ ಗೇಣು ಲೆಕ್ಕಕ್ಕೇ ಇಲ್ಲ, ಒಂದೇ ಒಂದು ಸಲ ಹತ್ತಿದ್ದಳು, ಅಡ್ಡಗೋಲಿನ ಮೇಲೆ ಹೋಗುವಾಗ ಭೂಮಿ ಯಾವ ಕಡೆಗಿದೆ ಅನ್ನುವುದೇ ಮರೆತುಹೋಗಿತ್ತು, ಆ ಸಂಜೆಯಿಡೀ ಕೊಬ್ಬರಿಯ ನೆನಪೇ ಬರಲಿಲ್ಲ, ಮನೆಗೆ ಬಂದು ಹುಲ್ಲು ಹಾಕುವಾಗ ಮುಖ ತಗ್ಗಿಸಿದ್ದಳು, ಕುದುರೆಯ ಮುಂದೆ. ಕಪ್ಪು ಕುದುರೆಯ ಮಾಲೀಕ ಸೋಮವಾರದವರೆಗೆ ಕಾಯುತ್ತಾನೆ. ಇವತ್ತು ಶನಿವಾರ. ಇದನ್ನು ಕೊಟ್ಟರೆ ಅದು ಬರುತ್ತದೆ, ಕೊಡದಿದ್ದರೆ ಇಲ್ಲ, ಅಷ್ಟೇ, ಇದರಲ್ಲಿ ಯೋಚಿಸುವುದೇನಿದೆ.

ಇದೆ. ಎಡಗಣ್ಣು ಇದೆ. ಇಲ್ಲ. ಮೇಲೆ ನೋಡಿದರೆ ಏನೂ ಕಾಣುವುದಿಲ್ಲ, ಸ್ವಲ್ಪ ಮಂಜು, ಬೆಳಗಿನ ಗಾಜಿನ ಮೇಲೆ ಇರುವಷ್ಟು, ಹೋದ ತಿಂಗಳು ಮುನಾವರ್ ಪಾಷಾ ಮುಂಗಾಲಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟಿದ್ದರು. ಈ ಕಡೆಯಿಂದ ಬಂದ್ರೆ ಯಾಕೆ ಬೆಚ್ಚಿಬೀಳ್ತದೆ ತಾಯಿ, ನನ್ನ ಬೀಡಿ ವಾಸನೆ ಗೊತ್ತಿಲ್ವಾ ಇದಕ್ಕೆ, ಅಂತ ಅಂಗೈಯನ್ನು ಕಣ್ಣಿನ ಮುಂದೆ ಆಡಿಸಿದ್ದರು, ಮೆಲ್ಲಗೆ, ಗಾಳಿ ಬೀಸದ ಹಾಗೆ. ರೆಪ್ಪೆ ಅಲುಗಲಿಲ್ಲ. ಕಿವಿ ಅಲುಗಿತು. ಎಡಗಿವಿ ಮಾತ್ರ ಹಿಂದಕ್ಕೂ ಮುಂದಕ್ಕೂ ತಿರುಗಿ ಆ ಕೈಯನ್ನು ಹುಡುಕಿತು. ಅವಳಿಗೆ ಗೊತ್ತಿರಲಿಲ್ಲವೇ, ಯುಗಾದಿ ಆದ ಮೇಲೆ ಎಡಕ್ಕೆ ತಿರುಗಿ ಬಂದಾಗಲೆಲ್ಲ ಅಡ್ಡಗೋಲು ಬೀಳಿಸುತ್ತಿತ್ತು, ಸೋಮಾರಿತನ ಅಂದುಕೊಂಡಳು, ಹಾರಬೇಕಾದ ಹೆಜ್ಜೆಗೆ ಸರಿಯಾಗಿ ತನ್ನ ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಟಕ್ ಅನ್ನಿಸಿ ಅದಕ್ಕೆ ಕಲಿಸಿದಳು, ಟಕ್ ಅಂದರೆ ಹಾರು, ಎರಡೇ ವಾರದಲ್ಲಿ ಕಲಿತುಬಿಟ್ಟಿತು, ಗೋಲು ಬೀಳುವುದು ನಿಂತಿತು, ಬಸವರಾಜ್ ಸರ್ ಬೆನ್ನು ತಟ್ಟಿದರು, ಅವಳು ಮನೆಯಲ್ಲಿ ಹೋಳಿಗೆ ಮಾಡಿಸಿಕೊಂಡು ತಿಂದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದಾಗಲೇ ಕರ್ಕೊಂಡ್ ಬಂದಿದ್ರೆ ಏನಾದ್ರೂ ಮಾಡಬಹುದಿತ್ತೇನೋ ಅಂದರು ಡಾಕ್ಟರು, ಇನ್ನೊಂದು ಕಣ್ಣು ಉಳೀಬಹುದು, ಉಳೀದೇನೂ ಇರಬಹುದು. ಹಾರುವುದನ್ನು ಕಲಿಸುತ್ತಿದ್ದೇನೆ ಅಂದುಕೊಂಡಿದ್ದಳಲ್ಲ, ಕುರುಡುತನ ಮುಚ್ಚುವುದನ್ನು ಕಲಿಸುತ್ತಿದ್ದಳು. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಅವಳದ್ದು ಐಬು ಹಿಡಿಯುವುದೇ ಕೆಲಸ, ಪೀಸು ಅಳತೆಯ ಗೇಜಿನಲ್ಲಿ ಕೂರದಿದ್ದರೆ ಕೆಂಪು ಬಣ್ಣ ಹಚ್ಚಿ ಆಚೆ ಇಡುವುದು, ದಿನಕ್ಕೆ ಸಾವಿರ ಪೀಸು, ಒಂದು ತಪ್ಪಿಲ್ಲ, ಗಂಗಾಂಬಿಕೆ ಪಾಸ್ ಮಾಡಿದ್ಳು ಅಂದ್ರೆ ಮುಗೀತು ಅನ್ನುತ್ತಾರೆ ಸೂಪರ್‌ವೈಸರು.

ಕಾರು ಬಂತು. ಸೋಮಶೇಖರ್ ಇಳಿದರು, ಬಿಳಿ ಪ್ಯಾಂಟು, ತುಮಕೂರಿನಲ್ಲಿ ಟೈಲ್ಸ್ ಅಂಗಡಿ, ಹಿಂದಿನಿಂದ ಮಗಳು ಅಕ್ಷತಾ, ಹನ್ನೆರಡು ವರ್ಷ, ಹಲ್ಲಿಗೆ ತಂತಿ, ಹೊಸ ಹೆಲ್ಮೆಟ್ಟಿನ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿಲ್ಲ, ಅವರ ಬೆನ್ನಿಗೇ ಹುಲ್ಲು ಹಾಸಿದ ಟೆಂಪೊ, ಟೆಂಪೊ ತಂದೇಬಿಟ್ಟಿದ್ದಾರೆ. ಹುಡುಗಿ ಸೀದಾ ಹೋಗಿ ಕೊಬ್ಬರಿಯ ಮೂತಿಗೆ ಕೆನ್ನೆ ಒತ್ತಿದಳು, ಬಲಗಡೆಯಿಂದ ಹೋದಳು, ಪುಣ್ಯ. ಹತ್ತಿಸಿದರು. ಚೆನ್ನಾಗಿ ಕೂರುತ್ತಾಳೆ, ಕೈ ಮೃದು, ಒರಟಾಗಿದ್ದಿದ್ದರೆ ಇಲ್ಲ ಅಂತ ಹೇಳಿಬಿಡುವುದು ಸುಲಭವಿತ್ತು. ಬಲಕ್ಕೆ ಎರಡು ಸುತ್ತು, ಗೋಲು ದಾಟಿದರು, ಅಪ್ಪ ಮೊಬೈಲಿನಲ್ಲಿ ವಿಡಿಯೊ ಮಾಡುತ್ತ, ಈಗ ಆ ಕಡೆಯಿಂದ ಒಂದ್ಸಲ ಬಾ ಪುಟ್ಟಿ ಅಂದರು. ಆ ಕಡೆ ಅಂದರೆ ಎಡಗಡೆ. ಬೇಲಿಯ ಕಂಬ ಹಿಡಿದಳು ಗಂಗಾಂಬಿಕೆ, ಸುಮ್ಮನಿರು, ಸುಮ್ಮನಿದ್ದರೆ ಸಾಕು, ಗೋಲು ಬೀಳುತ್ತದೆ, ಅವರೇ ಬೇಡ ಅನ್ನುತ್ತಾರೆ, ನೀನು ಏನೂ ಹೇಳಬೇಕಾಗಿಲ್ಲ, ಕೊಬ್ಬರಿ ಮನೆಗೆ ಬರುತ್ತದೆ, ಕಪ್ಪು ಕುದುರೆ ಇನ್ನೊಬ್ಬರದಾಗುತ್ತದೆ, ಇಪ್ಪತ್ನಾಲ್ಕು ವರ್ಷಕ್ಕೆ ಒಂದು ಮೀಟರ್, ಮೂವತ್ತಕ್ಕೂ ಒಂದು ಮೀಟರ್ — ಬೀಳುವುದು ಗೋಲೇ ಆಗಬೇಕೆಂದೇನಿದೆ, ಮೇಲೆ ಮಗು ಕೂತಿದೆ. ಕೊಬ್ಬರಿಯ ಓಟ ತಡವರಿಸಿತು, ಕತ್ತು ಓರೆಯಾಯಿತು, ಎಡಗಿವಿ ಎದ್ದು ನಿಂತು ಹಿಂದಕ್ಕೆ ತಿರುಗಿತು, ಬೇಲಿಯ ಕಡೆಗೆ, ಅವಳ ಕಡೆಗೆ, ಎಲ್ಲಿದ್ದೀಯೆ — ಟಕ್. ಅವಳು ಅನ್ನಲಿಲ್ಲ, ನಾಲಿಗೆ ಅಂದಿತು. ಗೋಲಿನ ಮೇಲೆ ಒಂದು ಗೇಣು ಜಾಗ ಬಿಟ್ಟು ಹಾರಿತು ಕುದುರೆ. ಭೇಷ್ ಅಂದರು ಸೋಮಶೇಖರ್. ಮುನಾವರ್ ಪಾಷಾ ಅರ ಒರೆಸುತ್ತ ಅವಳನ್ನೇ ನೋಡಿದರು.

ಏನಮ್ಮ, ಐಬು ಗೀಬು ಏನಾದ್ರೂ, ಅಂತ ಕೇಳಿದ್ದು ಸೋಮಶೇಖರ್. ಪದ್ಧತಿ ಅವರಿಗೂ ಯಾರೋ ಹೇಳಿಕೊಟ್ಟಿದ್ದಾರೆ. ಮುನಾವರ್ ಪಾಷಾ ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡರು, ಕಾಲಿಗೆ ನಾನು ಜವಾಬ್ದಾರಿ ಸಾರ್, ನಾಲ್ಕೂ ಗಟ್ಟಿ ಅವೆ, ಮೇಲಿಂದು ಈ ತಾಯಿ ಹೇಳ್ಬೇಕು. ಮೇಲಿನದು. ಹೇಳಬೇಕು. ಒಂದೇ ಮಾತು, ಎಡಗಣ್ಣು ಕಾಣಲ್ಲ ಸರ್, ಮೂರು ಪದ, ಬಾಯಿಗೆ ಬಂದಿದೆ, ಹಲ್ಲಿನ ಹಿಂದೆ ಬಂದು ನಿಂತಿದೆ, ಹುಡುಗಿ ಚಿಕ್ಕ ಗೋಲು ತಾನೇ ಹಾರುವುದು, ಬಲಗಣ್ಣು ಚೆನ್ನಾಗಿದೆಯಲ್ಲ, ಎರಡು ವರ್ಷಕ್ಕೆ ಅವಳು ಇದಕ್ಕಿಂತ ದೊಡ್ಡ ಕುದುರೆ ಕೇಳುತ್ತಾಳೆ, ಎಲ್ಲರೂ ಕೇಳುತ್ತಾರೆ, ಅವಳಪ್ಪ ಒಳ್ಳೆಯವರು, ಲಾಯಕ್ಕೆ ಫ್ಯಾನ್ ಹಾಕಿಸಿದ್ದಾರಂತೆ — ಧೂಳು ಹುಲ್ಲು ತಿಂದ್ರೆ ಸ್ವಲ್ಪ ಕೆಮ್ತದೆ ಸರ್, ಒದ್ದೆ ಮಾಡಿ ಹಾಕ್ಬೇಕು, ಅಂದಳು. ನಿಜ, ಕೆಮ್ಮುತ್ತದೆ. ಸುಳ್ಳಲ್ಲ. ಸೋಮಶೇಖರ್ ಹೊಟ್ಟೆ ಕುಲುಕಿಸಿ ನಕ್ಕರು, ಅಷ್ಟೇ ತಾನೆ, ಕೆಮ್ಮು ನಂಗೂ ಐತೆ, ನನ್ನ ಹೆಂಡ್ತಿ ಇನ್ನೂ ನನ್ನ ಮಾರಿಲ್ಲ. ಹಗ್ಗ ಕೈ ಬದಲಾಯಿಸಿತು. ಚಹಾ ಕುಡಿದು ಹೋಗಿ ಸಾಬ್ರೇ ಅಂದರೆ ಮುನಾವರ್ ಪಾಷಾ ಬೇಡ ತಾಯಿ ಅಂದರು, ಐದು ವರ್ಷದಲ್ಲಿ ಒಂದು ಸಲವೂ ಬೇಡ ಅನ್ನದವರು, ಮೊಪೆಡ್ಡನ್ನು ಗೇಟಿನವರೆಗೂ ತಳ್ಳಿಕೊಂಡೇ ಹೋದರು.

ಹುಡುಗಿ ಹತ್ತಿರ ಬಂದು ತೋಳು ಹಿಡಿದಳು. ಅಕ್ಕಾ, ನೀವು ಅವಾಗ ಬಾಯಲ್ಲಿ ಒಂದು ಸೌಂಡ್ ಮಾಡಿದ್ರಲ್ಲ, ನಂಗೂ ಹೇಳ್ಕೊಡಿ. ಅದು ಸುಮ್ನೆ ಅಭ್ಯಾಸ ಕಣೇ. ಇಲ್ಲ, ಕೊಬ್ಬರಿ ಕೇಳಿಸ್ಕೊಂತು, ನಂಗೊತ್ತಾಯ್ತು. ಎಷ್ಟು ಚುರುಕು ಈ ಮಗು, ಗೊತ್ತಾಯಿತಂತೆ, ಅರ್ಧ ಗೊತ್ತಾಯಿತು. ಕಲಿಸಬಹುದಲ್ಲ, ಕಲಿಸಿದರೆ ಹೇಳಿದ ಹಾಗೇ ಆಯಿತಲ್ಲ, ಹೇಳದೆಯೂ ಹೇಳಿದ ಹಾಗೆ, ನಾಲಿಗೆ ಹೀಗೆ ಮಡಚಬೇಕು, ಮೇಲೆ ಒತ್ತಿ ಥಟ್ಟನೆ ಬಿಡಬೇಕು, ಎಡಕ್ಕೆ ತಿರುಗಿದಾಗ ಮರೀಬೇಡ, ಕಡೇ ಹೆಜ್ಜೆಗೆ ಸರಿಯಾಗಿ. ಯಾಕೆ ಎಡಕ್ಕೆ? ಅದಕ್ಕೆ ಹಾಗೇ ಇಷ್ಟ. ಹುಡುಗಿ ನಾಲಿಗೆ ಮಡಚಿದಳು, ತಂತಿ ಅಡ್ಡ ಬಂತು, ತ್ಸ್ ಅಂತ ಉಗುಳಿನ ಸದ್ದು, ಇನ್ನೊಂದು ಸಲ, ತ್ಸ್, ನಕ್ಕಳು, ಬರ್ತಾ ಇಲ್ಲ ಅಕ್ಕ, ತಂತಿ ತೆಗಿಯೋಕೆ ಇನ್ನೂ ಒಂದು ವರ್ಷ ಅಂದವ್ರೆ. ದಿನಾ ಪ್ರಾಕ್ಟೀಸ್ ಮಾಡು ಅಂದಳು ಗಂಗಾಂಬಿಕೆ, ಯಾರ ದನಿ ಅದು, ಅವಳದ್ದೇ. ಟೆಂಪೊದ ಹಿಂದಿನ ಹಲಗೆ ಹಾಕಿದರು, ಸರಪಳಿ ಬಿಗಿದರು, ಕಪ್ಪು ಕುದುರೆ ಸೋಮವಾರ, ಒಂದು ಗೇಣು, ಹಲಗೆಯ ಮೇಲಿಂದ ಕೊಬ್ಬರಿಯ ತಲೆಯ ಎಡಭಾಗ ಮಾತ್ರ ಕಾಣುತ್ತಿದೆ, ಮಂಜುಗಣ್ಣು ಅವಳ ಮುಖದ ಮೇಲೇ ಇದೆ, ಮೂರಡಿ ದೂರ, ನೋಡುತ್ತಿಲ್ಲ, ಪಕ್ಕದಲ್ಲಿ ಕಾರಿನ ಕಿಟಕಿಯಿಂದ ತ್ಸ್, ತ್ಸ್, ಆ ಸದ್ದಿಗೆ ಕಿವಿ ಕದಲುವುದಿಲ್ಲ, ಟೆಂಪೊ ಹೊರಟಿತು, ಒಂದು ಸಲ ಟಕ್ ಅಂದರೆ ಇಲ್ಲೇ ಇದ್ದೀನಿ ಅಂತ ಗೊತ್ತಾಗುತ್ತದೆ, ಆದರೆ ಅಂದುಬಿಟ್ಟರೆ ಹಲಗೆಯ ಮೇಲಿಂದಲೇ ಹಾರಿಬಿಡುತ್ತದೆ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದಳು, ಬಿಡಬಾರದು, ಉಸಿರು ಕಟ್ಟಿದರೂ ಬಿಡಬಾರದು, ತಿರುವಿನಲ್ಲಿ ಎದ್ದಿತು ಎಡಗಿವಿ, ಮುಂದಕ್ಕೆ ತಿರುಗಿತು, ಹಿಂದಕ್ಕೆ ತಿರುಗಿತು, ಮುಂದಕ್ಕೆ, ಹಿಂದಕ್ಕೆ, ಕಿವಿ, ಹಿಂದಕ್ಕೆ, ಕಿವಿ