ಮೊದಲ ಮೀನು ಮನೆಯ ಮಾಲೀಕರಿಗೆ

ನೆರಳೊಂದು ದೋಣಿಯಡಿ ಸರಿಯಿತು, ಬಂದವೇನೋ ಅಂದುಕೊಂಡೆ, ಥೂ, ಮೋಡದ್ದು — ತಳಕ್ಕೆ ಗಾಜು ಕೂರಿಸಿದ ಈ ಪೆಟ್ಟಿಗೆಯೊಳಗೆ ಮುಖ ತೂರಿಸಿ ನೀರಿಗೆ ಬಗ್ಗಿದ್ದೇನೆ, ಸೊಂಟ ಸಾಕು ಅನ್ನುತ್ತಿದೆ, ಪಕ್ಕದಲ್ಲಿ ಹೆಂಡತಿಯ ಅಣ್ಣ ಅಬ್ದೋನ್, ಕಣ್ಣು ಪೂರ್ತಿ ಹೋಗಿದೆ, ಬಾಯಿ ಮಾತ್ರ ಹೋಗಿಲ್ಲ, ಬಂದ್ವೇನೋ ನಿಕಾನೋರ್, ತಾಳು ಭಾವ, ಅವೇನು ನಿನ್ನ ಮನೆ ಕೋಳಿಗಳಾ ಕರೆದ ತಕ್ಷಣ ಬರೋಕೆ. ಗಲಾಪಗೋಸ್‌ನ ತುದಿಯ ಈ ವುಲ್ಫ್ ದ್ವೀಪಕ್ಕೆ ಇನ್ನೊಂದು ಸಲ ಕರ್ಕೊಂಡು ಹೋಗೋ, ಸುತ್ತಿಗೆತಲೆ ಶಾರ್ಕುಗಳು ಇನ್ನೂ ಇವೆ ಅಂತ ತಿಳ್ಕೊಂಡು ಸಾಯ್ತೀನಿ ಅಂದಿದ್ದ, ಅದಕ್ಕೇ ನನ್ನ ಮಗಳ ಪ್ರವಾಸಿ ದೋಣಿ ಹತ್ತಿದ್ದು, ಕಣ್ಣಿಲ್ಲದವನು ನೋಡಲು ಬಂದಿದ್ದಾನೆ, ಕಣ್ಣಿರುವ ನನಗೆ ಕಾಣುವುದು ಬರೀ ನೀಲಿ.

ಆಗ ಹೀಗಿತ್ತೇ — ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಇಲ್ಲಿಗೇ ಬಂದು ಬಕಲಾವ್ ಮೀನು ಹಿಡಿದು, ಉಪ್ಪು ಸವರಿ, ದೋಣಿ ತುಂಬ ಒಣಹಾಕುತ್ತಿದ್ದೆವು, ಪವಿತ್ರ ವಾರದಲ್ಲಿ ಒಣಮೀನು ಹಾಕಿ ಮಾಡುವ ಫನೆಸ್ಕಾ ಸಾರಿಗೆ ಊರೆಲ್ಲ ಕಾಯುತ್ತಿತ್ತು, ಆದರೆ ಮೊದಲು ಸಿಕ್ಕ ಮೀನನ್ನು ಗಾಳ ಬಿಡಿಸಿ ವಾಪಸ್ ನೀರಿಗೆ ಹಾಕಬೇಕು, ಅದು ಸುತ್ತಿಗೆತಲೆಗಳದು, ಬಾಡಿಗೆ ಕೊಡದೆ ಇನ್ನೊಬ್ಬರ ಮನೇಲಿ ಇರಬಾರ್ದು ಅನ್ನುತ್ತಿದ್ದ ಅಬ್ದೋನ್, ಕೆಳಗೆ ಅವು ಸಾಲುಸಾಲು, ಅಗಲ ತಲೆ ಅತ್ತ ಇತ್ತ ಆಡಿಸುತ್ತ, ನೀರೇ ಕಪ್ಪಾಗುವಷ್ಟು, ಬೆನ್ನ ಮೇಲೆ ನಡೆದೇ ದಡ ಸೇರಬಹುದು ಎಂದು ನಗುತ್ತಿದ್ದೆವು, ಎಷ್ಟು ಚೆನ್ನಾಗಿದ್ದೆವು. ಆಮೇಲೆ ಹೊರಸಮುದ್ರದ ಹಡಗುಗಳು, ಶಾರ್ಕುಗಳ ರೆಕ್ಕೆ ಕೊಯ್ದು ಉಳಿದದ್ದನ್ನು ಎಸೆಯುವವರು — ಈಗ ಇಲ್ಲಿ ಯಾರೂ ಗಾಳ ಹಾಕುವಂತಿಲ್ಲ, ಒಳ್ಳೆಯದೇ, ಆದರೆ ಬಾಡಿಗೆ? ಅಬ್ದೋನ್ ಜೇಬಿನಿಂದ ತೆಗೆಯುತ್ತಾನೆ, ಒಣ ಬಕಲಾವ್ ತುಂಡು, ಮನೆಯ ಸಾರಿಗೆ ಇಟ್ಟಿದ್ದರಿಂದ ಕದ್ದದ್ದು, ಅಯ್ಯೋ ಭಾವ, ಉಪ್ಪು ಹಾಕಿದ್ದನ್ನ ಅವು ತಿಂತಾವಾ, ಸಮುದ್ರದಲ್ಲೇ ಇರೋರಿಗೆ ಉಪ್ಪಿನ ಚಿಂತೆ ಏನೋ ಪೆದ್ದ, ಮೇಲಿಂದ ಮಗಳು ಕೂಗುತ್ತಾಳೆ, ಅಪ್ಪಾ, ಮಾವನ ಕೈ ಹಿಡ್ಕೋ, ನೀರಿಗೆ ಏನೂ ಹಾಕಬಾರ್ದು, ಅವನು ಮುಷ್ಟಿ ಕಟ್ಟಿ ಕೂರುತ್ತಾನೆ, ಬಂದ್ವೇನೋ, ಸುಮ್ನಿರು ಭಾವ, ಏನೋ — ಆಳದಿಂದ, ಮೋಡವಲ್ಲ, ಅಗಲ ತಲೆ, ಬಸುರಿ ಹೊಟ್ಟೆ, ಹಿಂದೆ ಇನ್ನೊಂದು ಇರಬೇಕು, ಇರಲೇಬೇಕು, ಕಾಯುತ್ತೇನೆ, ಹಿಂದೆ ನೀಲಿ, ಅದರ ಹಿಂದೆಯೂ ನೀಲಿ, ಬಂದ್ವಾ, ಬಂದ್ವು ಭಾವ, ಎಲ್ಲಾ ಬಂದ್ವು, ನೀರು ಕಪ್ಪಾಗಿದೆ ನೋಡು, ಅವನು ನಗುತ್ತಾನೆ, ಮುಷ್ಟಿ ಬಿಚ್ಚುತ್ತಾನೆ, ನಾನು ಕೈ ಹಿಡಿಯುವುದಿಲ್ಲ, ತುಂಡು ಗಾಜಿನ ಮುಂದೆ ಮೆಲ್ಲಗೆ ಇಳಿಯುತ್ತದೆ, ಆ ಬಸುರಿ ಮೂಸುವುದೂ ಇಲ್ಲ, ಆ ಅಗಲ ತಲೆ ಅತ್ತ ಇತ್ತ, ಅತ್ತ ಇತ್ತ, ಉಳಿದವರನ್ನು ಹುಡುಕುತ್ತ, ಅತ್ತ, ಇತ್ತ