ಮೆಟ್ಟಿಲ ಮೇಲಿನ ಮುಖಗಳು

ಹಿಟ್ಟಿನ ಅಂಟು ಇನ್ನೂ ಬಿಸಿಯಾಗಿತ್ತು. ಸ್ತೋಯಾಂಕಾ ಮಂಡಿಯೂರಿ, ರೈಲು ನಿಲ್ದಾಣದ ತೀರಾ ಮೇಲಿನ ಮೆಟ್ಟಿಲಿಗೆ ಮಗ ಲ್ಯುಬೆನ್‌ನ ಫೋಟೊವಿದ್ದ ಮರಣ ಪ್ರಕಟಣೆಯ ಹಾಳೆಯನ್ನು ಅಂಟಿಸಿ, ಅಂಗೈಯಿಂದ ಅದರ ಮೂಲೆಗಳನ್ನು ಒತ್ತಿದಳು.

"ಬೇಗ ಮುಗಿಸೇ, ಕೆಲಸದೋರು ಬರೋ ಹೊತ್ತಾಯ್ತು," ಎಂದಳು ಬುಡದ ಹತ್ತಿರದ ಮೆಟ್ಟಿಲಲ್ಲಿ ತನ್ನ ಗಂಡನ ಫೋಟೊ ಅಂಟಿಸುತ್ತಿದ್ದ ನೆದ್ಯಾಲ್ಕಾ.

"ನನ್ನದು ಮುಗೀತು. ನಿನ್ನ ಪೋಸ್ಟ್‌ಮ್ಯಾನನ್ನ ನೋಡ್ಕೋ. ಬದುಕಿದ್ದಾಗ್ಲೂ ಒಂದ್ಕಡೆ ನಿಂತೋನಲ್ಲ ಅವನು."

ನೆದ್ಯಾಲ್ಕಾಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಮೂಗೊರೆಸಿಕೊಂಡು ಮತ್ತೆ ಅಂಟು ಬಳಿದಳು.

ಆ ಕಡೆಯ ಜನ ಸತ್ತವರ ಫೋಟೊ, ಹೆಸರು ಅಚ್ಚುಹಾಕಿಸಿದ ಹಾಳೆಯನ್ನು ವರ್ಷವರ್ಷವೂ ಬಾಗಿಲಿಗೆ, ಮರಕ್ಕೆ, ಲೈಟುಕಂಬಕ್ಕೆ ಅಂಟಿಸುತ್ತಾರೆ. ಅಂಟಿಸಿದ್ದನ್ನು ಯಾರೂ ಕೀಳುವುದಿಲ್ಲ. ಮಳೆ ಕಿತ್ತರೆ ಕೀಳಬೇಕು, ಬಿಸಿಲು ತಿಂದರೆ ತಿನ್ನಬೇಕು. ಮನುಷ್ಯರು ಕೈ ಹಾಕುವ ಮಾತೇ ಇಲ್ಲ. ಮೆಟ್ಟಿಲು ಒಡೆಯಬೇಡಿ ಎಂದು ಪುರಸಭೆಗೆ ಅರ್ಜಿ ಕೊಟ್ಟು, ಬೇಡಿ, ಬೈದು ಎಲ್ಲ ಮುಗಿದ ಮೇಲೆ ಸ್ತೋಯಾಂಕಾಗೆ ಈ ಉಪಾಯ ಹೊಳೆದಿತ್ತು. ಮೆಟ್ಟಿಲು ಒಡೆಯುತ್ತಾರಂತೆ! ಮೆಟ್ಟಿಲ ತುಂಬ ಸತ್ತವರನ್ನು ಕೂರಿಸಿಬಿಟ್ಟರೆ ಯಾವ ಗಂಡಸು ಸುತ್ತಿಗೆ ಎತ್ತುತ್ತಾನೋ ನೋಡೇಬಿಡೋಣ.

ಇದೇ ಮೆಟ್ಟಿಲ ಮೇಲಿದ್ದ ಕಾಂಕ್ರೀಟ್ ಚಾವಣಿ ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟವರ ತಲೆಯ ಮೇಲೆ ಕುಸಿದಿತ್ತು. ರೈಲು ತಪ್ಪೀತೆಂದು ಲ್ಯುಬೆನ್ ಮುಂದೆ ಓಡಿ ಮೇಲಿನ ಮೆಟ್ಟಿಲು ತಲುಪಿದ್ದ. ಹೆಂಡತಿ ರೂಜಾ ಚೀಲ ಹಿಡಿದು ಇನ್ನೂ ಕೆಳಗೇ ಇದ್ದಳು. ಅವನು ಹೋದ; ಅವಳು ಉಳಿದಳು, ಸೊಂಟದ ಕೆಳಗೆ ಮಾತ್ರ ಸ್ವಾಧೀನವಿಲ್ಲ. ಅಂದಿನಿಂದ ಅತ್ತೆ ಸೊಸೆ ಒಂದೇ ಒಲೆಯಲ್ಲಿ ಬೇಯಿಸಿ ಉಂಡವರು. ಈಗ ಪುರಸಭೆ ಮೆಟ್ಟಿಲು ತೆಗೆದು, ಮುಂದಿನ ಚೌಕವನ್ನೇ ಇಳಿಜಾರಾಗಿ ಪ್ಲಾಟ್‌ಫಾರ್ಮಿನವರೆಗೆ ಏರಿಸಿ, ಪಕ್ಕದ ಕಲ್ಲುಗೋಡೆಯಲ್ಲಿ ಸತ್ತವರ ಹೆಸರು ಕೆತ್ತಿಸುತ್ತೇವೆ ಎಂದಿತು. ರೂಜಾ ಆ ನಕ್ಷೆಗೆ ಒಪ್ಪಿ ಸಹಿ ಹಾಕಿ, ಹೆಸರುಗಳನ್ನು ಕೂತವರ ಕೈಗೆ ಎಟುಕುವಷ್ಟು ಕೆಳಗೆ ಕೆತ್ತಿ ಎಂದು ತಿದ್ದಿಸಿಯೂ ಬಂದಳು. ಅಂದಿನಿಂದ ಮನೆಯಲ್ಲಿ ಮಾತಿಲ್ಲ. ಉಪ್ಪು ಬೇಕಾದರೂ ಬೆಕ್ಕಿಗೆ ಹೇಳಿದ ಹಾಗೆ ಹೇಳುತ್ತಿದ್ದರು.

"ಮಗನ ಪ್ರಾಣ ಹೋದ ಜಾಗಾನೇ ಪುಡಿ ಮಾಡ್ತಾರಂತೆ, ಅದಕ್ಕೆ ಇವಳ ಸಹಿ ಬೇರೆ," ಎಂದು ಸ್ತೋಯಾಂಕಾ ಬೆಕ್ಕಿನೆದುರು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದ್ದಳು. ಬೆಕ್ಕು ಯಾರ ಪರವೂ ವಹಿಸಲಿಲ್ಲ.

ಲಾರಿ ಬಂದು ನಿಂತಿತು. ಮೇಸ್ತ್ರಿ ವೆಲ್ಕೊ ಮೂರ್ನಾಲ್ಕು ಆಳುಗಳೊಂದಿಗೆ ಇಳಿದು, ಮೆಟ್ಟಿಲ ಮೇಲೆ ಸಾಲಾಗಿ ತನ್ನನ್ನೇ ನೋಡುತ್ತಿದ್ದ ಮುಖಗಳನ್ನು ಕಂಡು ಟೋಪಿ ತೆಗೆದ.

"ಬಾಪ್ಪಾ ವೆಲ್ಕೊ, ಮೊದ್ಲು ಇದು ತಿನ್ನು." ಸ್ತೋಯಾಂಕಾ ಸತ್ತವರ ಹೆಸರಲ್ಲಿ ಹಂಚಲು ಬೇಯಿಸಿ ತಂದಿದ್ದ ಸಿಹಿ ಗೋಧಿಯನ್ನು ಪ್ರತಿಯೊಬ್ಬನಿಗೂ ಲೋಟದಲ್ಲಿ ಹಾಕಿ ಕೊಟ್ಟಳು. ಬೇಡವೆನ್ನುವಂತಿಲ್ಲ.

"ದೇವರು ಅವರನ್ನ ಕ್ಷಮಿಸಲಿ," ಎಂದು ಸತ್ತವರಿಗಾಗಿ ಹೇಳುವ ಮಾತನ್ನು ಗೊಣಗಿ ಎಲ್ಲರೂ ತಿಂದರು.

"ತಿಂದಾಯ್ತಲ್ಲ? ಈಗ ಒಡೀರಿ ನೋಡೋಣ."

"ಏನಮ್ಮಾ ನೀನು! ನಮ್ಮನ್ನ ಅಡಕತ್ತರಿಯಲ್ಲಿ ಸಿಕ್ಕಿಸಿಬಿಟ್ಟೆಯಲ್ಲ!" ವೆಲ್ಕೊ ತಲೆ ಕೆರೆದುಕೊಂಡ. "ನಮ್ಮಮ್ಮನ ಫೋಟೊ ಇನ್ನೂ ಮನೆ ಬಾಗಿಲಲ್ಲಿದೆ. ನಾನಂತೂ ಮುಟ್ಟಲ್ಲ."

ಸ್ತೋಯಾಂಕಾ ಗೆದ್ದಿದ್ದಳು. ಗೆದ್ದ ಖುಷಿಯಲ್ಲಿ ಇನ್ನೊಂದು ಲೋಟ ತುಂಬುತ್ತಿರುವಾಗಲೇ ಚೌಕದ ಕಲ್ಲುಹಾಸಿನ ಮೇಲೆ ಗಾಲಿಗಳು ಗಡಗಡ ಎಂದವು. ಮಡಿಲಲ್ಲಿ ಮೇಣದ ಬತ್ತಿ ಇಟ್ಟುಕೊಂಡು ರೂಜಾ ಬರುತ್ತಿದ್ದಳು. ಮೆಟ್ಟಿಲ ಬುಡದಲ್ಲಿ ಗಾಲಿಕುರ್ಚಿಯನ್ನು ಅಡ್ಡಡ್ಡ ನಿಲ್ಲಿಸಿ, ತೋಳಿನ ಬಲದಿಂದ ಜಾರಿ ಮೊದಲ ಮೆಟ್ಟಿಲಿನ ಅಂಚಿಗೆ ಇಳಿದು ಕೂತಳು.

"ಏನೇ ಇದು ರಂಪ?" ಬೆಕ್ಕಿನ ನೆಪ ಮರೆತು ಸ್ತೋಯಾಂಕಾ ನೇರವಾಗಿ ಕೂಗಿದಳು.

"ಮೇಲೆ ಬರ್ತೀನಿ ಅತ್ತೆ. ಈ ಮೆಟ್ಟಿಲು ಹೀಗೇ ಇರುತ್ತೆ ಅಂದ್ಮೇಲೆ ಹೀಗೇ ಹತ್ಬೇಕಲ್ಲ. ವರ್ಷವರ್ಷ ನೀವು ಮೇಲೆ ಹೋಗಿ ದೀಪ ಹಚ್ತೀರಿ. ನಾನು ಕೆಳಗೆ ಟ್ಯಾಕ್ಸಿಗಳ ಮಧ್ಯ ಕೂತು ನಿಮ್ಮ ಬೆನ್ನು ನೋಡ್ತೀನಿ. ಅವನು ಎಲ್ಲಿ ಬಿದ್ದ ಅಂತ ನಾನು ಒಂದ್ಸಲಾನಾದ್ರೂ ನೋಡಿದೀನಾ?"

"ಹೇಳಿದ್ರೆ ಎತ್ಕೊಂಡು ಹೋಗ್ತಿರ್ಲಿಲ್ವಾ? ಯಾರು ಬೇಡ ಅಂದಿದ್ರು?"

"ಈ ಮೆಟ್ಟಿಲ ಮೇಲೆ ಹೆಣ ಹೊತ್ತಿದ್ದು ಸಾಲ್ದಾ? ನನ್ನನ್ನೂ ಹೊರ್ಬೇಕಾ?"

ವೆಲ್ಕೊ ಮುಂದೆ ಹೆಜ್ಜೆಯಿಟ್ಟವನು ಅಲ್ಲೇ ನಿಂತ. ರೂಜಾ ಮೆಟ್ಟಿಲುಗಳಿಗೆ ಬೆನ್ನು ಮಾಡಿ, ಹಿಂದಿನ ಮೆಟ್ಟಿಲಿಗೆ ಕೈಯೂರಿ ಮೈಯೆತ್ತಲು ಹೋದಳು. ಅಂಗೈ ಕೆಳಗೆ ಕಾಗದ ಸರಿಯಿತು. ತಿರುಗಿ ನೋಡಿದಳು: ಪೋಸ್ಟ್‌ಮ್ಯಾನ್. ಪಕ್ಕದಲ್ಲಿ ಶಾಲೆಯ ಟೀಚರು. ಅದರಾಚೆ ಬೇಕರಿಯ ಹುಡುಗಿ. ಕೂರಲು ಒಂದು ಗೇಣು ಜಾಗವಿರಲಿಲ್ಲ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಯಾರ ಮೇಲೆ ಕೂರ್ಲಿ ಅತ್ತೆ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ಕೇಳಿದಳು.

ಸ್ತೋಯಾಂಕಾ ಮೆಟ್ಟಿಲ ಮೇಲಿನ ಮುಖಗಳತ್ತ ನೋಡಿದಳು. ಸತ್ತವರನ್ನು ಅಡ್ಡ ಕೂರಿಸಿದ್ದು ಸುತ್ತಿಗೆಗೆ ಅಂದುಕೊಂಡಿದ್ದಳು. ಅವರೆಲ್ಲ ಈಗ ಸೊಸೆಯ ದಾರಿಗೆ ಅಡ್ಡ ಕೂತಿದ್ದರು, ಅವರ ನಡುವೆ ಅವಳ ಗಂಡನೂ ಇದ್ದ. ಅಯ್ಯೋ ದೇವರೇ, ನಾನು ಮಾಡಿದ್ದೇನು!

ಅವಳು ನೀರಿನ ಬಾಟಲಿ ಎತ್ತಿಕೊಂಡು ಕೆಳಗಿಳಿದಳು. ಪೋಸ್ಟ್‌ಮ್ಯಾನ್‌ನ ಮೇಲೆ ನೀರು ಸುರಿದು, ಉಗುರಿನಿಂದ ಅಂಚು ಬಿಡಿಸತೊಡಗಿದಳು.

"ಸ್ತೋಯಾಂಕಾ! ಕೀಳ್ಬಾರ್ದು ಕಣೇ!" ನೆದ್ಯಾಲ್ಕಾ ಚೀರಿದಳು.

"ಗೊತ್ತು. ಪಾಪ ಬಂದ್ರೆ ನನಗೇ ಬರ್ಲಿ. ನೀನು ನಿನ್ನ ಗಂಡನ್ನ ಹಿಡ್ಕೋ, ಹರೀದಂಗೆ."

ನೆದ್ಯಾಲ್ಕಾ ಅಳುತ್ತಲೇ ಒದ್ದೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸ್ತೋಯಾಂಕಾ ಒಂದೊಂದೇ ಮುಖ ಬಿಡಿಸುತ್ತ ಮೇಲೆ ಹೋದಳು. ಬಿಡಿಸಿದ ಜಾಗಕ್ಕೆ ರೂಜಾ ಕೈಯೂರಿ, ಹಲ್ಲುಕಚ್ಚಿ, ಮೈಯೆತ್ತಿ ಕೂರುತ್ತ ಹಿಂದೆಯೇ ಬಂದಳು. ಯಾರ ನೆರವನ್ನೂ ಅವಳು ಕೇಳಲಿಲ್ಲ, ಯಾರೂ ಕೊಡಲು ಹೋಗಲಿಲ್ಲ. ಟ್ಯಾಕ್ಸಿಯವರು ಇಳಿದು ನಿಂತು ನೋಡುತ್ತಿದ್ದರು.

ಮೇಲೆ ಲ್ಯುಬೆನ್‌ನ ಹಾಳೆಯನ್ನು ಸ್ತೋಯಾಂಕಾ ಬಿಡಿಸಿ, ಮಡಿಸದೆ, ಸೊಸೆಯ ತೊಡೆಯ ಮೇಲಿಟ್ಟಳು. ರೂಜಾಳ ಬೆವರು ಅದರ ಮೇಲೆ ತೊಟ್ಟಿಕ್ಕಿತು.

"ಇಲ್ಲೇನಾ?" ಎಂದು ಅವಳು ಕಲ್ಲು ಮುಟ್ಟಿದಳು.

"ಇನ್ನೊಂಚೂರು ಈಚೆ." ಸ್ತೋಯಾಂಕಾ ಅವಳ ಮಣಿಕಟ್ಟು ಹಿಡಿದು, ಅಂಗೈಯನ್ನು ಸರಿಯಾದ ಜಾಗಕ್ಕೆ ತಂದಿಟ್ಟಳು. ತನ್ನ ಕೈಯನ್ನೂ ಅದರ ಪಕ್ಕದಲ್ಲೇ ಇಟ್ಟಳು.

"ವೆಲ್ಕೊ," ಎಂದಳು ಸ್ತೋಯಾಂಕಾ ಕೊನೆಗೆ, "ಕೆಳಗಿಂದ ಶುರು ಮಾಡು."

"ನೀವಿಬ್ರೂ ಮೊದ್ಲು ಇಳೀರಮ್ಮಾ."

"ನೀನು ಇಲ್ಲಿಗೆ ಬರೋಷ್ಟರಲ್ಲಿ ಪ್ಲಾಟ್‌ಫಾರ್ಮಿನ ಕಡೆ ಸರ್ಕೋತೀವಿ. ಹೊಡಿ."

ಬುಡದಲ್ಲಿ ಮೊದಲ ಏಟು ಬಿತ್ತು. ಅದರ ಅದುರು ಮೆಟ್ಟಿಲು ಮೆಟ್ಟಿಲಾಗಿ ಏರಿ ಇಬ್ಬರ ಅಂಗೈಗೂ ಬಂತು. ಯಾರೂ ಕೈ ತೆಗೆಯಲಿಲ್ಲ.